ಹೊರಟವರ ಕೈಗೊಂದು ನೂಲು

ಲಾವೋಸ್ ದೇಶದವರ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಜೀವ ಅಲ್ಲ, 32 ಜೀವ. ದೇಹದ ಒಂದೊಂದು ಅಂಗಕ್ಕೂ ಒಂದೊಂದು ಕಾವಲು. ಅವರ ಭಾಷೆಯಲ್ಲಿ ಇದಕ್ಕೆ 'ಖ್ವಾನ್' ಎಂದು ಹೆಸರು. ಈ ಖ್ವಾನ್‌ಗಳದ್ದು ಸಣ್ಣ ಮಕ್ಕಳ ಬುದ್ಧಿ. ಬೆಚ್ಚಿಬಿದ್ದರೆ ಓಡುತ್ತವೆ, ಕಾಯಿಲೆ ಬಿದ್ದರೆ ಅಲೆಯಲು ಹೋಗುತ್ತವೆ, ದೂರದ ಪ್ರಯಾಣದಲ್ಲಿ ಒಂದೆರಡು ದಾರಿಯಲ್ಲೇ ಉಳಿದುಬಿಡುತ್ತವೆ. ಮನುಷ್ಯ ಊರಿಗೆ ತಲುಪಿರುತ್ತಾನೆ, ಊಟ ಮಾಡುತ್ತಾನೆ, ಮಾತಾಡುತ್ತಾನೆ, ಆದರೆ ಪೂರ್ತಿ ಬಂದಿರುವುದಿಲ್ಲ. ಆಗ ಹಿರಿಯರು ಸೇರಿ ಅವುಗಳನ್ನು ಹೆಸರಿಟ್ಟು ಕರೆದು, ಬಂದವು ಮತ್ತೆ ಹೋಗದ ಹಾಗೆ ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತಾರೆ. ಇದಕ್ಕೆ 'ಬಾಸಿ' ಅಂತಲೂ 'ಸು ಖ್ವಾನ್' ಅಂತಲೂ ಕರೆಯುತ್ತಾರೆ. (ನಮ್ಮ ಮದುವೆಯ ಬಾಸಿಂಗಕ್ಕೂ ಇದಕ್ಕೂ ಸಂಬಂಧ ಇಲ್ಲ. ನನ್ನ ಹೆಂಡತಿ ಮೊದಲು ಕೇಳಿದ್ದೇ ಅದನ್ನು.)

ಲಾವೋಸಿನ ಸಂಗತಿ ಘಣಸೋಲಿಯಲ್ಲಿ ಕೂತವನಿಗೆ ಯಾಕೆ ಬಂತು ಅಂತ ನೀವು ಕೇಳಬಹುದು. 2018ರಲ್ಲಿ ನಮ್ಮ ಮಗಳು ಬ್ಯಾಂಕಾಕಿನಲ್ಲಿ ಕೆಲಸದಲ್ಲಿದ್ದಳು. ಅಲ್ಲಿಂದ ಸಿಂಗಾಪುರಕ್ಕೆ ವರ್ಗವಾಗಿ ಹೊರಡುವ ಹೊತ್ತಿಗೆ ನಾವಿಬ್ಬರೂ ಹೋಗಿದ್ದೆವು. ಅವಳ ಜತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಈಸಾನ್ ಪ್ರಾಂತದ ಖೋನ್ ಕೇನ್ ಕಡೆಯವಳು. ಈಸಾನ್ ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ. ಹೆಸರೇ ನಮ್ಮ ಈಶಾನ್ಯದ್ದು. ಮೆಕಾಂಗ್ ನದಿಯ ಆಚೆ ಲಾವೋಸ್, ಈಚೆ ಈಸಾನ್. ಎರಡೂ ಕಡೆ ಒಂದೇ ಮಾತು. ನಿಜ ಹೇಳಬೇಕೆಂದರೆ ಲಾವೋ ಮಾತಾಡುವವರು ಲಾವೋಸಿನಲ್ಲಿ ಇರುವುದಕ್ಕಿಂತ ಈಸಾನ್‌ನಲ್ಲೇ ಹೆಚ್ಚು. ಗಡಿಗೂ ಭಾಷೆಗೂ ತಾಳೆಯಾಗದ ಕಥೆ ಕಾಸರಗೋಡನ್ನು ಕಂಡ ನಮಗೆ ವಿವರಿಸಬೇಕಿಲ್ಲ. ಇನ್ನೊಂದು ವಿಷಯ: ಬ್ಯಾಂಕಾಕಿನ ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಹೋಟೆಲಿನಲ್ಲಿ ದುಡಿಯುವವರು ಬಹಳಷ್ಟು ಮಂದಿ ಈಸಾನಿನವರು. ಏಪ್ರಿಲ್‌ನಲ್ಲಿ ಅವರ ಹೊಸವರ್ಷ ಸೊಂಗ್‌ಕ್ರಾನ್ ಬಂತೆಂದರೆ ಬಸ್ಸು ರೈಲು ಹಿಡಿದು ಎಲ್ಲರೂ ಊರಿಗೆ. ಮುಂಬಯಿಗೆ ನಮ್ಮ ಕರಾವಳಿ ಇದ್ದಂತೆ ಬ್ಯಾಂಕಾಕಿಗೆ ಈಸಾನ್, ಅಷ್ಟೇ.

ಆ ಹುಡುಗಿ ತನ್ನ ಊರಿಗೆ ಕರೆದುಕೊಂಡು ಹೋದಳು. ಅವಳ ಅಜ್ಜಿ, ಚಿಕ್ಕಮ್ಮಂದಿರು, ಅಕ್ಕಪಕ್ಕದವರು ಸೇರಿ ನಮ್ಮ ಮಗಳಿಗಾಗಿ ಈ ಕಾರ್ಯ ಇಟ್ಟುಕೊಂಡಿದ್ದರು. ನೆಲಕ್ಕೆ ಚಾಪೆ. ನಡುವೆ ಬಾಳೆಎಲೆಯನ್ನು ಮಡಚಿ ಮಡಚಿ ಗೋಪುರದ ಹಾಗೆ ಕಟ್ಟಿ, ಚೆಂಡುಹೂ ಸಿಕ್ಕಿಸಿದ ಒಂದು ತಟ್ಟೆ. ಅದರಲ್ಲಿ ಬೇಯಿಸಿದ ಮೊಟ್ಟೆ, ಅಂಟನ್ನ, ಬಾಳೆಹಣ್ಣು, ಒಂದು ಸಣ್ಣ ಬಾಟ್ಲಿ ಸಾರಾಯಿ. ತುದಿಯ ಕಡ್ಡಿಗಳಿಂದ ಬಿಳಿ ಹತ್ತಿ ನೂಲುಗಳು ಇಳಿಬಿದ್ದಿದ್ದವು. ಅಲ್ಲಿ ಅದಕ್ಕೆ 'ಬಾಯ್ ಸೀ' ಎನ್ನುತ್ತಾರೆ. 'ಬಾಯ್' ಎಂದರೆ ಖ್ಮೇರ್ ಮಾತಿನಲ್ಲಿ ಅನ್ನ, 'ಸೀ' ಅಂದರೆ ನಮ್ಮ ಶ್ರೀಯೇ. ಕಾರ್ಯ ನಡೆಸುವ ಮುದುಕನಿಗೆ 'ಪ್ರಾಮ್' ಎಂದು ಹೆಸರು. ಅದು ಬ್ರಾಹ್ಮಣ ಶಬ್ದ ಸವೆದು ಉಳಿದ ರೂಪ. ಹಾಗಂತ ಅವನೇನೂ ಜಾತಿಯಿಂದ ಬ್ರಾಹ್ಮಣನಲ್ಲ, ಬೇಸಾಯಗಾರ. ಒಂದು ಕಾಲಕ್ಕೆ ಭಿಕ್ಷುವಾಗಿದ್ದು, ಅಕ್ಷರ ಮಂತ್ರ ಕಲಿತು, ಮತ್ತೆ ಸಂಸಾರಕ್ಕೆ ಬಂದವನು. ಇಂಥವರೇ ಹೆಚ್ಚಾಗಿ ಇದನ್ನು ಮಾಡಿಸುತ್ತಾರಂತೆ.

ಮುದುಕ ರಾಗವಾಗಿ ಕರೆಯಲು ಶುರುಮಾಡಿದ. ಕಾಡಿನಲ್ಲಿದ್ದರೆ ಬಾ, ನೀರಿನಲ್ಲಿದ್ದರೆ ಬಾ, ಬೇರೆಯವರ ಮನೆಯಲ್ಲಿ ಕೂತಿದ್ದರೆ ಎದ್ದು ಬಾ ಎಂಬ ಅರ್ಥ ಎಂದು ಆ ಹುಡುಗಿ ನನಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಆಮೇಲೆ ನೂಲು ಕಟ್ಟುವುದು. ಕಟ್ಟುವವರು ಮೊದಲು ನೂಲಿನಿಂದ ಕೈಯನ್ನು ಹೊರಮುಖವಾಗಿ ಸವರುತ್ತಾರೆ, ಕೆಟ್ಟದ್ದು ಹೋಗಲಿ ಅಂತ. ಮತ್ತೆ ಒಳಮುಖವಾಗಿ, ಒಳ್ಳೆಯದು ಬರಲಿ ಅಂತ. ಬಾಯಲ್ಲಿ ಹರಕೆಯ ಮಾತು ಹೇಳುತ್ತಲೇ ಗಂಟು ಹಾಕುತ್ತಾರೆ. ಒಬ್ಬರು ಕಟ್ಟುವಾಗ ಪಕ್ಕದಲ್ಲಿದ್ದವರು ಕಟ್ಟಿಸಿಕೊಳ್ಳುವವಳ ಮೊಣಕೈ ಮುಟ್ಟಿಕೊಂಡಿರುತ್ತಾರೆ. ಅವರ ಹಿಂದಿನವರು ಅವರ ಬೆನ್ನು ಮುಟ್ಟಿಕೊಂಡಿರುತ್ತಾರೆ. ಹೀಗೆ ಇಡೀ ಕೋಣೆಯೇ ಒಂದು ಸರಪಳಿ. ನಮ್ಮಿಬ್ಬರ ಕೈಗೂ ಕಟ್ಟಿದರು. ಕನಿಷ್ಠ ಮೂರು ದಿನ ಬಿಚ್ಚಬಾರದು, ಬಿಚ್ಚುವಾಗಲೂ ಕತ್ತರಿ ಹಾಕಬಾರದು, ಗಂಟು ಬಿಡಿಸಬೇಕು. ನಮ್ಮಲ್ಲಿ ಮದುವೆಯ ಕಂಕಣಕ್ಕೂ ಇದೇ ನಿಯಮ, ಅದಕ್ಕಾಗಿ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಅಜ್ಜಿ ಕೊನೆಗೆ ನೂಲು ಕಟ್ಟುತ್ತ ಮಗಳಿಗೆ ಏನೋ ಹೇಳಿದಳು. ಮೊಮ್ಮಗಳು ಅರ್ಥ ಹೇಳಿದಳು: "ಪೂರ್ತಿಯಾಗಿ ಹೋಗು, ಏನನ್ನೂ ಇಲ್ಲಿ ಬಿಟ್ಟು ಹೋಗಬೇಡ."

ಈ ಮಾತನ್ನು ನಾನು ಮೊದಲು ಸಾಮಾನು ಸರಂಜಾಮಿನ ಮಾತು ಅಂತ ತಿಳಿದೆ. ಬ್ಯಾಂಕಾಕಿಗೆ ಮರಳುವ ಬಸ್ಸಿನಲ್ಲಿ ನನ್ನಾಕೆ ಮಣಿಕಟ್ಟಿನ ನೂಲನ್ನು ತಿರುವುತ್ತ, "ನಮ್ಮಲ್ಲಿ ಹೀಗೆ ಇಲ್ಲ ಅಲ್ವಾ? ನಾವು ಹೋಗುವವರ ಹತ್ರ ಏನು ಹೇಳುವುದು?" ಅಂದಳು. ಅಲ್ಲಿಂದ ಇದು ತಲೆಯಲ್ಲಿ ಕೂತಿದೆ.

ನಂಬಿಕೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನಾನು ಎಂ.ಕಾಂ. ಓದಿದವನು, ಕಾಣದ ವಸ್ತುವಿಗೆ ಸಾಲ ಮಂಜೂರು ಮಾಡಿದವನಲ್ಲ. ಥಾಯ್ ಜನ, ಲಾವೋ ಜನ ಬೌದ್ಧರು. ಬೌದ್ಧಧರ್ಮದ ಪ್ರಕಾರ ಸ್ಥಿರವಾದ ಆತ್ಮ ಎಂಬುದೇ ಇಲ್ಲ. ಹಾಗಿದ್ದೂ ಅವರು 32 ಖ್ವಾನ್ ಕರೆಯುತ್ತಾರೆ. ಥಾಯ್ಲೆಂಡಿನ ದೊಡ್ಡ ವಿದ್ವಾಂಸ ಫ್ಯಾ ಅನುಮಾನ್ ರಾಜಧೋನ್ 1962ರಲ್ಲಿ ಈ ಬಗ್ಗೆ ಒಂದು ದೀರ್ಘ ಲೇಖನವನ್ನೇ ಬರೆದಿದ್ದಾರೆ. ಸತ್ತಾಗ ದೇಹ ಬಿಟ್ಟುಹೋಗುವುದಕ್ಕೆ ಅವರಲ್ಲಿ ಬೇರೆ ಹೆಸರಿದೆ, 'ವಿನ್ಯಾನ್', ನಮ್ಮ ವಿಜ್ಞಾನ ಶಬ್ದದ ಪಾಲಿ ರೂಪದಿಂದ ಬಂದದ್ದು. ಖ್ವಾನ್ ಅದಲ್ಲ. ಅದು ಬದುಕಿರುವವರ ಸಂಗತಿ. ಥಾಯ್ ಭಾಷೆಯಲ್ಲಿ ತಲೆಕೂದಲಿನ ಸುಳಿಗೂ ಖ್ವಾನ್ ಅಂತಲೇ ಹೆಸರು. ಅದು ವಾಸ ಮಾಡುವುದೇ ಅಲ್ಲಿ ಅಂತೆ. ನಮ್ಮ ಅಜ್ಜಿಯಂದಿರೂ ಹುಟ್ಟಿದ ಮಗುವಿನ ಸುಳಿ ನೋಡುತ್ತಿದ್ದರು, ಆದರೆ ಅವರ ಆಸಕ್ತಿ ಇದ್ದದ್ದು ಎರಡು ಸುಳಿ ಇದ್ದರೆ ಎರಡು ಮದುವೆ ಎಂಬಷ್ಟಕ್ಕೆ.

ಇದೆಲ್ಲ ನಿಜವೋ ಸುಳ್ಳೋ ಎಂಬುದಕ್ಕಿಂತ, ಹೀಗೆ ಎಣಿಸುವವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ನನಗೆ ಮುಖ್ಯ. ಸಿಂಹಳದ ತಮಿಳರೇ ಆದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ತಂಬಯ್ಯ ಈಸಾನಿನ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿ 1970ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ಕಂಡದ್ದು ಒಂದು ಕೊಡುಕೊಳ್ಳುವಿಕೆ. ಹಿರಿಯರು ಕಿರಿಯರ ಖ್ವಾನ್ ಕರೆಯುತ್ತಾರೆ, ಕಿರಿಯರು ಒಂದಷ್ಟು ಕಾಲ ಭಿಕ್ಷುಗಳಾಗಿ ಹಿರಿಯರಿಗೆ ಪುಣ್ಯ ಗಳಿಸಿಕೊಡುತ್ತಾರೆ. ತನ್ನ ಖ್ವಾನನ್ನು ತಾನೇ ಕರೆದುಕೊಳ್ಳುವುದಲ್ಲ. ಇನ್ನೊಬ್ಬರು ಕರೆಯಬೇಕು, ಕೈ ಚಾಚಬೇಕು, ಇನ್ನೊಬ್ಬರೇ ಗಂಟು ಹಾಕಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಜೀವ ದೇಹದಿಂದ ಆಚೀಚೆ ಹೋಗಬಲ್ಲದು ಎಂಬುದನ್ನು ಕನ್ನಡದವನಿಗೆ ಯಾರೂ ಕಲಿಸಬೇಕಿಲ್ಲ. ಹೆದರಿದರೆ ಜೀವ ಬಾಯಿಗೆ ಬರುತ್ತದೆ, ಮಗು ಸಿಕ್ಕಿದರೆ ಹೋದ ಜೀವ ಬಂತು ಅನ್ನುತ್ತೇವೆ. ಏಳು ಸಮುದ್ರದಾಚೆಯ ಗಿಣಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳದೆ ಮಲಗಿದ ಮಗು ನಮ್ಮ ಕಾಲದಲ್ಲಿ ಇರಲಿಲ್ಲ. ಕರೆಯುವುದೂ ನಮಗೆ ಹೊಸತಲ್ಲ. ಕಲಶಕ್ಕೆ ದೇವರನ್ನು ಆವಾಹನೆ ಮಾಡುತ್ತೇವೆ. ಕೊಲ್ಲೂರಿನ ಮೂಕಾಂಬಿಕೆಯನ್ನು ಘಣಸೋಲಿಗೂ ಕರೆದು ಗುಡಿಯಲ್ಲಿ ಕೂರಿಸಿದ್ದೇವೆ, ನವಮುಂಬಯಿಯ ನಮ್ಮವರೆಲ್ಲ ನವರಾತ್ರಿಗೆ ಅಲ್ಲಿ ಸಾಲು ನಿಲ್ಲುತ್ತಾರೆ. ತುಳುನಾಡಿನಲ್ಲಿ ದೀಪಾವಳಿಯ ರಾತ್ರಿ ಗದ್ದೆಯಲ್ಲಿ ದೀಪ ಹಿಡಿದು 'ಕೂ' ಹಾಕಿ ಬಲೀಂದ್ರನನ್ನು ಕರೆಯುತ್ತೇವೆ. ಥಾಯ್ ರೈತರು ಭತ್ತದ ಖ್ವಾನನ್ನು ಕರೆದ ಹಾಗೆ ನಾವೂ ಪೊಲಿಯನ್ನು, ಅಂದರೆ ಬೆಳೆಯ ಸಮೃದ್ಧಿಯನ್ನು ಕರೆಯುತ್ತೇವೆ. ನೂಲಿಗೂ ಕೊರತೆಯಿಲ್ಲ. ಶ್ರಾವಣದ ಹುಣ್ಣಿಮೆಗೆ ನೂಲ ಹುಣ್ಣಿಮೆ ಅಂತಲೇ ಹೆಸರು, ಅನಂತನ ದಾರಕ್ಕೆ ಹದಿನಾಲ್ಕು ಗಂಟು.

ಹಾಗೆಯೇ ಸತ್ತವರನ್ನು ಕರೆಯುತ್ತೇವೆ. ತುಳುವರಲ್ಲಿ ಬೊಜ್ಜ ಮುಗಿದ ಮೇಲೆ 'ಉಲಾಯಿ ಲೆಪ್ಪುನಿ' ಅಂತ ಒಂದು ಕ್ರಮ ಉಂಟು, ಒಳಗೆ ಕರೆಯುವುದು. ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ಸ್ಥೂಲವಾಗಿ, ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಬಾಳೆಎಲೆಯಲ್ಲಿ ಬಡಿಸಿ, ಬಾಗಿಲ ಹತ್ತಿರ ನಿಂತು ಅವರನ್ನು ಸಂಬಂಧ ಹಿಡಿದು ಕೂಗಿ "ಉಲಾಯಿ ಬಲೆ", ಒಳಗೆ ಬನ್ನಿ ಎಂದು ಕರೆಯುವುದು. ಎಲೆ ಇಟ್ಟ ಕೋಣೆಯ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತಾರೆ. ಅಲ್ಲಿಗೆ ಆ ಮನುಷ್ಯ ಹಿರಿಯರ ಸಾಲಿಗೆ ಸೇರಿದ ಲೆಕ್ಕ. ಆಮೇಲೆ ಆಟಿ ತಿಂಗಳಲ್ಲಿ, ದೀಪಾವಳಿಯಲ್ಲಿ ಅವರಿಗೂ ಬಡಿಸುವುದು. ಎಂಥ ಕಲ್ಲೆದೆಯವನೂ ಆ ಕರೆ ಕೇಳಿ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೇನೆ.

ಹೀಗೆ ದೇವರನ್ನು, ಬಲಿಯನ್ನು, ಬೆಳೆಯನ್ನು, ಸತ್ತವರನ್ನು ಕರೆಯುವ ನಾವು ಬದುಕಿರುವವರನ್ನು ಕರೆಯುತ್ತೇವೆಯೇ? ನೀವು ಹೇಳಬಹುದು, ಮನೆಗೆ ಬಂದವರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಡುವುದಿಲ್ಲವೇ ಅಂತ. ಕೊಡುತ್ತೇವೆ. ಅದು ಒಳ್ಳೆಯ ಕ್ರಮ, ನನ್ನ ಪ್ರಕಾರ ಅದೂ ಒಂದು ಸಣ್ಣ ಬಾಸಿಯೇ. ಆದರೆ ಅದು ಬಂದವರಿಗೆ. ಹೊರಡುವವರಿಗೆ ನಮ್ಮಲ್ಲಿ ಇರುವುದು ಒಂದು ಮಾತು: "ಹೋಗ್ತೇನೆ ಅನ್ನಬಾರದು, ಹೋಗಿ ಬರ್ತೇನೆ ಅನ್ನಬೇಕು."

1984ರಲ್ಲಿ ನಾನು ಬ್ಯಾಂಕಿನ ಕೆಲಸ ಸಿಕ್ಕಿ ಮುಂಬಯಿಗೆ ಹೊರಟಾಗ ಕೊಂಕಣ ರೈಲು ಇರಲಿಲ್ಲ. ಕಾರ್ಕಳದಿಂದ ಬಸ್ಸು, ಒಂದು ಹಗಲು ಒಂದು ರಾತ್ರಿ. ಅಂಗಳದಲ್ಲಿ ನಿಂತು ಅಮ್ಮ ನನ್ನಿಂದ ಆ ಮಾತನ್ನು ಎರಡು ಸಲ ಹೇಳಿಸಿದರು. ದೈವದ ಕಟ್ಟೆಗೆ ಕೈಮುಗಿದು, ವರ್ಷದ ನೇಮಕ್ಕೆ ಬಂದೇ ಬರುತ್ತೇನೆ ಅಂತ ಹರಕೆಯನ್ನೂ ಹೇಳಿಸಿದರು. ಆ ತಲೆಮಾರಿನ ಯಾವ ತಾಯಿಯೂ ಬೇರೆ ರೀತಿ ಮಾಡುವುದಿರಲಿಲ್ಲ. ಮಾತಿನಲ್ಲಿ ಪ್ರೀತಿ ಇದೆ, ಇಲ್ಲ ಅನ್ನುವವನು ಮೂರ್ಖ. ಆದರೆ ಬ್ಯಾಂಕಿನವನ ಕಣ್ಣಿಗೆ ಅದರೊಳಗೆ ಇನ್ನೊಂದು ಕಾಣುತ್ತದೆ, ಅಡವು. ಹೋಗುವವನ ಜೀವದ ಒಂದು ಭಾಗವನ್ನು ಊರು ಅಡವಿಟ್ಟುಕೊಂಡು ಕಳಿಸುತ್ತದೆ. ನೀನು ಮರಳಿ ಬಂದು ಬಿಡಿಸಿಕೊ ಅನ್ನುತ್ತದೆ. ಈಸಾನಿನ ಅಜ್ಜಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಅವರು ಖ್ವಾನನ್ನು ಊರಿಗೆ ಕರೆಯುವುದಿಲ್ಲ, ದೇಹಕ್ಕೆ ಕರೆಯುತ್ತಾರೆ. ನೂಲು ಕಟ್ಟುವುದು ಮನೆಯ ಕಂಬಕ್ಕಲ್ಲ, ಹೊರಡುವವನ ಕೈಗೆ. ಅವನು ಸಿಂಗಾಪುರಕ್ಕೆ ಹೋದರೆ ಮೂವತ್ತೆರಡೂ ಸಿಂಗಾಪುರಕ್ಕೆ. ಊರಿನ ಹಂಬಲದ ಆಚರಣೆ ಅಂತ ನಾನು ತಿಳಿದದ್ದು ನೋಡಿದರೆ ಪೂರ್ತಿ ಬಿಟ್ಟುಕೊಡುವ ಆಚರಣೆ.

(ನಮ್ಮ ದೈವಗಳನ್ನು ಇದರಿಂದ ಹೊರಗಿಡಬೇಕು. ನೇಮದಲ್ಲಿ ಅವು ಘಟ್ಟದಾಚೆ ಇದ್ದವರಿಗೂ ಜತೆಗಿದ್ದೇನೆ ಎಂದು ಅಭಯ ಕೊಡುತ್ತವೆ. ಮನುಷ್ಯರಿಗಿಂತ ದೈವಗಳೇ ಧಾರಾಳಿಗಳು.)

ಅಡವಿಟ್ಟ ಜೀವದಿಂದ ಏನು ನಷ್ಟ? ಇದಕ್ಕೆ ಉತ್ತರ ಊರಿನಲ್ಲಿ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ. ಘಣಸೋಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಠಾಣೆ–ಬೇಲಾಪುರ ರಸ್ತೆಯ ಮೇಲೆ, ರಬಾಳೆಗೂ ಕೋಪರ್‌ಖೈರಣೆಗೂ ನಡುವೆ ಇದೆ. 2004ರಲ್ಲಿ ಠಾಣೆಯಿಂದ ವಾಶಿಯ ಕಡೆಗೆ ಲೋಕಲ್ ರೈಲು ಶುರುವಾದ ಮೇಲೆ ಇಲ್ಲಿ ಕಟ್ಟಡಗಳು ಎದ್ದವು, ಮುಂಬಯಿಯ ಒಳಗೆ ಮನೆ ಕೊಳ್ಳಲಾಗದ ನಮ್ಮಂಥವರು ಬಂದೆವು. ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರು. ಬಂದೆವು ಅನ್ನುವುದು ಎಷ್ಟು ನಿಜ? ನಮ್ಮ ಕಟ್ಟಡದಲ್ಲಿ ಇಪ್ಪತ್ತು ವರ್ಷದಿಂದ ಇದ್ದು ಹೌಸಿಂಗ್ ಸೊಸೈಟಿಯ ಒಂದು ಸಭೆಗೂ ಬಾರದವರಿದ್ದಾರೆ. ಕೇಳಿದರೆ, "ಬಿಡಿ ಮಾರಾಯ್ರೇ, ರಿಟೈರ್ ಆದ್ಮೇಲೆ ಊರಿಗೆ ಹೋಗುವುದೇ ಅಲ್ವಾ" ಅನ್ನುತ್ತಾರೆ. ರಿಟೈರ್ ಆಗಿ ಹತ್ತು ವರ್ಷವಾದವರೂ ಹಾಗೇ ಅನ್ನುತ್ತಾರೆ. ಇಲ್ಲಿ ಗಿಡ ನೆಡುವುದಿಲ್ಲ, ಊರಲ್ಲಿ ತೆಂಗಿನ ಮರ ಉಂಟಲ್ಲ. ಮರಾಠಿ ಸರಿಯಾಗಿ ಕಲಿಯುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಎರಡು ವರ್ಷ ವ್ಯವಹಾರ ನಡೆಯದ ಖಾತೆ ನಿಷ್ಕ್ರಿಯ. ಹತ್ತು ವರ್ಷ ಯಾರೂ ಕೇಳದಿದ್ದರೆ ಅದರ ಹಣ 2014ರಲ್ಲಿ ಮಾಡಿದ ಒಂದು ನಿಧಿಗೆ ಹೋಗುತ್ತದೆ. ವಾರಸುದಾರ ಬಂದು ಕೇಳಿದರೆ ಆಗಲೂ ಸಿಗುತ್ತದೆ, ಆದರೆ ಕೇಳಬೇಕು. ಊರಿನಲ್ಲಿ ಇಟ್ಟ ನಮ್ಮ ಜೀವವೂ ಇದೇ ಜಾತಿಯ ಖಾತೆ. ಅಲ್ಲಿಯೂ ಅದರಿಂದ ಯಾವ ವ್ಯವಹಾರವೂ ನಡೆಯುತ್ತಿಲ್ಲ, ಇಲ್ಲಿಯೂ ಇಲ್ಲ.

ಅರ್ಧ ಮನಸ್ಸಿನಿಂದ ಬದುಕುವುದು ಅವರವರ ವೈಯಕ್ತಿಕ ವಿಷಯ ಅಲ್ಲವೇ ಎಂದರೆ, ಅಲ್ಲ ಅಂತ ನನ್ನ ವಾದ. ಅದರ ಬೆಲೆಯನ್ನು ನೆರೆಯವರು ಕೊಡುತ್ತಾರೆ. ಘಣಸೋಲಿಯ ಮೂಲ ಊರಿನಲ್ಲಿ ಇರುವವರು ಆಗ್ರಿಗಳು, ಕೋಳಿಗಳು. ಭತ್ತ ಬೆಳೆದು, ಉಪ್ಪು ಮಾಡಿ, ಖಾಡಿಯಲ್ಲಿ ಮೀನು ಹಿಡಿದು ಬದುಕಿದವರು. ನವಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿತು, 95 ಹಳ್ಳಿಗಳ ನೆಲ ಹೋಯಿತು. 1984ರಲ್ಲಿ, ನಾನು ಬಸ್ಸು ಹತ್ತಿದ ಅದೇ ವರ್ಷ, ಉರಣ್ ಕಡೆ ನೆಲಕ್ಕಾಗಿ ಹೋರಾಡಿದ ಐದು ಮಂದಿ ರೈತರು ಗುಂಡಿಗೆ ಸತ್ತರು. ಆಮೇಲೆ ಕಳಕೊಂಡ ನೆಲದ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿ ವಾಪಸು ಕೊಡುವ ಯೋಜನೆ ಬಂತು. ನಾವು ಊರು ಬಿಟ್ಟು ಬಂದವರು. ಇವರು ಕೂತಲ್ಲೇ ಇದ್ದರು, ಊರೇ ಇವರನ್ನು ಬಿಟ್ಟು ಹೋಯಿತು. ಇವರ ಗದ್ದೆಯ ಮೇಲೆ ಎದ್ದ ಕಟ್ಟಡದಲ್ಲಿ ಮಲಗಿಕೊಂಡು, ನನ್ನ ಜೀವ ಕಾರ್ಕಳದಲ್ಲಿದೆ ಅಂತ ಹೇಳುವುದರಲ್ಲಿ ಏನೋ ಒಂದು ಅನ್ಯಾಯ ಉಂಟು. ನೆಲ ಬೇಕು, ಆದರೆ ನೆಲದ ಜತೆ ಬಂದ ನೆರೆ ಬೇಡ. ಶ್ರಾವಣದ ಹುಣ್ಣಿಮೆಯಂದು ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ, ಅದೇ ದಿನ ನಾವು ಬಾಗಿಲು ಮುಚ್ಚಿ ಜನಿವಾರ ಬದಲಿಸುತ್ತೇವೆ ಇಲ್ಲವೇ ಟೀವಿ ನೋಡುತ್ತೇವೆ.

ಇದಕ್ಕೆ ಒಬ್ಬ ಗೆಳೆಯರು ಒಳ್ಳೆಯ ಆಕ್ಷೇಪ ಎತ್ತಿದರು. ಪೂರ್ತಿ ಹೋಗು ಅಂತ ಹೇಳುವುದು ಸುಲಭ, ಆದರೆ ಆಗ ಊರಿಗೆ ಏನು ಉಳಿಯುತ್ತದೆ, ಊರನ್ನು ಮರೆತ ಮಕ್ಕಳು ಮಾತ್ರ ತಾನೇ ಅಂತ. ಇದಕ್ಕೆ ಲಾವೋ ಜನರ ಇತಿಹಾಸದಲ್ಲೇ ಉತ್ತರ ಇದೆ. 1975ರಲ್ಲಿ ಅಲ್ಲಿ ರಾಜ್ಯಭಾರ ಬದಲಾದ ಮೇಲೆ ದೇಶದ ಹತ್ತರಲ್ಲೊಂದು ಪಾಲಿನಷ್ಟು ಜನ ಓಡಿಹೋದರು. ರಾತ್ರಿ ಮೆಕಾಂಗ್ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ, ಅಲ್ಲಿಂದ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಕ್ಕೆ. ಗುಂಡಿಗೆ ಹೆದರಿ ನದಿ ದಾಟಿದವರ ಖ್ವಾನ್ ಎಷ್ಟು ಚೆಲ್ಲಾಪಿಲ್ಲಿಯಾಗಿರಬೇಡ! ಅವರು ಜತೆಗೆ ಒಯ್ದದ್ದು ಈ ನೂಲನ್ನು. ಅಮೆರಿಕದ ಅಪಾರ್ಟ್‌ಮೆಂಟುಗಳಲ್ಲಿ ಚಾಪೆ ಹಾಸಿ ಮಕ್ಕಳ ಮಣಿಕಟ್ಟಿಗೆ ಕಟ್ಟಿದರು, ಈಗಲೂ ಕಟ್ಟುತ್ತಾರೆ. ಲಾವೋಸನ್ನು ಕಾಣದೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಲಾವೋತನ ಅಂದರೆ ಬಹುಶಃ ಈ ಗಂಟೇ. ಪೂರ್ತಿಯಾಗಿ ಕಳಿಸಿದ್ದರಿಂದ ಊರು ಕಳೆದುಹೋಗಲಿಲ್ಲ. ಹೋದವರು ಅದನ್ನು ಕೈಯಲ್ಲಿ ಕಟ್ಟಿಕೊಂಡೇ ಹೋದರು.

ಹಾಗಂತ ಎಲ್ಲವೂ ಸುಖಾಂತ್ಯ ಅಲ್ಲ. ಅದೇ ಲಾವೋಸಿನ ಗುಡ್ಡಗಾಡಿನಿಂದ ಅಮೆರಿಕಕ್ಕೆ ಹೋದ ಹ್ಮಾಂಗ್ ಎಂಬ ಜನಾಂಗದಲ್ಲೂ ಜೀವ ಕರೆಯುವ ಕ್ರಮ ಇದೆ. ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಲಿಯಾ ಲೀ ಎಂಬ ಮಗುವಿಗೆ ಫಿಟ್ಸ್ ಶುರುವಾಯಿತು. ಅಕ್ಕ ಬಾಗಿಲನ್ನು ದಡಾರನೆ ಹಾಕಿದಾಗ ಮಗುವಿನ ಜೀವ ಬೆಚ್ಚಿ ಓಡಿತು ಎಂದರು ತಾಯಿತಂದೆ. ವೈದ್ಯರು ಮೂರ್ಛೆರೋಗ ಎಂದರು. ಇಬ್ಬರೂ ಮಗುವಿನ ಒಳ್ಳೆಯದಕ್ಕೇ ನಿಂತವರು, ಇಬ್ಬರಿಗೂ ಇನ್ನೊಬ್ಬರ ಮಾತು ಅರ್ಥವಾಗಲಿಲ್ಲ. ಆ್ಯನ್ ಫ್ಯಾಡಿಮನ್ 1997ರಲ್ಲಿ ಬರೆದ ಪುಸ್ತಕ ಈ ಕಥೆಯನ್ನೇ ಹೇಳುತ್ತದೆ. ಮಗುವಿಗೆ 1986ರಲ್ಲಿ ಬಂದ ದೊಡ್ಡ ಫಿಟ್ಸ್‌ನಿಂದ ಮೆದುಳು ಹೋಯಿತು. ಮನೆಯವರು ಅವಳನ್ನು 2012ರಲ್ಲಿ ಅವಳು ತೀರಿಕೊಳ್ಳುವ ತನಕ ಕೈಯಲ್ಲಿಟ್ಟು ನೋಡಿಕೊಂಡರು. ಔಷಧ ಬೇಕಾದಲ್ಲಿ ನೂಲು ಸಾಲದು. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಈಗ ಇಲ್ಲಿ ನಡೆದ ಒಂದು ಸಂಗತಿ. ನಮ್ಮ ಕಟ್ಟಡದ ನಾಲ್ಕನೇ ಮಹಡಿಯವರು ತುಳುವರು, ಹೋಟೆಲೊಂದರ ಗಲ್ಲೆಯಲ್ಲಿ ನಲವತ್ತು ವರ್ಷ ಕೂತವರು. ಹದಿನಾರಕ್ಕೆ ಊರು ಬಿಟ್ಟಿದ್ದರು. 2021ರ ಏಪ್ರಿಲ್‌ನಲ್ಲಿ ಕೊರೊನಾ ಅವರನ್ನು ಒಯ್ದಿತು. ದಹನ ಮಹಾನಗರ ಪಾಲಿಕೆಯವರಿಂದ, ಹತ್ತಿರ ಹೋಗಲು ಮಕ್ಕಳಿಗೂ ಬಿಡಲಿಲ್ಲ. ಬೊಜ್ಜ ಮುಂದಕ್ಕೆ ಹೋಯಿತು. ವರ್ಷದ ಕೊನೆಗೆ ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಊರಿನಿಂದ ಅವರ ಅಣ್ಣ ಬಂದರು. ಬೊಜ್ಜ ಆಗಲಿ, ಒಳಗೆ ಕರೆಯುವುದಾಗಲಿ, ಮೂಲಮನೆಯಲ್ಲೇ ಆಗಬೇಕು, ಹಿರಿಯರು ಇರುವುದು ಅಲ್ಲಿ, ಅವನು ಸೇರಬೇಕಾದದ್ದೂ ಅಲ್ಲಿಗೇ ಎಂದರು. ಕ್ರಮ ನೋಡಿದರೆ ಅವರು ಹೇಳಿದ್ದು ಸರಿ.

ಲೆಕ್ಕಪತ್ರ ಬಲ್ಲವನು ಅಂತ ನನ್ನನ್ನೂ ಆ ಮಾತಿಗೆ ಕೂರಿಸಿದ್ದರು. ಎಲ್ಲವನ್ನೂ ಕೇಳಿಸಿಕೊಂಡ ಹೆಂಗಸು, ಅಲ್ಲಿಯವರೆಗೆ ಒಂದು ಮಾತನ್ನೂ ಆಡದವರು, ಮೆಲ್ಲಗೆ ಕೇಳಿದರು: "ಅಲ್ಲ ಭಾವ, ಅವರು ಬರುವುದು ಯಾವ ಬಾಗಿಲಿಂದ?"

ಅಣ್ಣನಿಗೆ ಅರ್ಥವಾಗಲಿಲ್ಲ.

"ಹಳೇ ಮನೆ ಕೆಡವಿ ನೀವು ಟೆರೇಸು ಮನೆ ಕಟ್ಟಿದ್ದೀರಲ್ಲ. ಮೊದಲು ಬಾಗಿಲು ಮೂಡಕ್ಕೆ ಇತ್ತು, ಈಗ ರಸ್ತೆಯ ಕಡೆಗೆ ಮಾಡಿದ್ದೀರಿ. ಅವರು ಆ ಹೊಸ ಮನೆಯಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಇಲ್ಲಿಗೆ ಆದರೆ ರಾತ್ರಿ ಒಂದು ಗಂಟೆಗೆ ಕತ್ತಲೆಯಲ್ಲೂ ಬರುತ್ತಿದ್ದರು. ಲೈಟ್ ಹೋಗಿದ್ದಾಗ ನಾಲ್ಕು ಮಾಳಿಗೆ ಹತ್ತಿ, ಬೀಗದ ತೂತು ಕೈಯಲ್ಲೇ ಹುಡುಕಿ ತೆಗೆಯುತ್ತಿದ್ದರು."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮಗ, ಮುಂಬಯಿಯಲ್ಲೇ ಹುಟ್ಟಿದವನು, ತುಳು ಅರ್ಧಂಬರ್ಧ ಬಲ್ಲವನು, ಗೋಡೆ ನೋಡುತ್ತ ಕೂತಿದ್ದ. ಇದರಲ್ಲಿ ಅಣ್ಣನದ್ದು ತಪ್ಪು, ತಂಗಿಯದ್ದು ಸರಿ ಅಂತ ತೀರ್ಪು ಕೊಡುವುದು ನನ್ನಿಂದ ಆಗದು. ಅಣ್ಣ ಕೇಳುತ್ತಿದ್ದದ್ದು ತಮ್ಮನನ್ನು ತನ್ನ ಹಿರಿಯರಿಗೆ ಒಪ್ಪಿಸುವ ಹಕ್ಕು. ಐವತ್ತು ವರ್ಷದ ಹಿಂದೆ "ಹೋಗಿ ಬರ್ತೇನೆ" ಅಂದವನು ಬರಲೇ ಇಲ್ಲ, ಈಗಲಾದರೂ ಬರಲಿ ಎಂಬ ಆಸೆ. ಆಕೆ ಹೇಳುತ್ತಿದ್ದದ್ದು, ನನ್ನ ಗಂಡ ಬದುಕಿದ್ದು ಇಲ್ಲಿ, ಆ ಬದುಕನ್ನು ಲೆಕ್ಕಕ್ಕೆ ಇಡಿ ಅಂತ. ನಾಲ್ಕು ದಶಕದ ಸಂಸಾರವನ್ನು ನಾವು ಬಾಯಲ್ಲಿ ಹೊಟ್ಟೆಪಾಡು ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆಕೆಗೆ ಅದು ಹೊಟ್ಟೆಪಾಡಲ್ಲ, ಅದೇ ಜೀವನ.

ಕೊನೆಗೆ ಅಣ್ಣನೇ ಎದ್ದು, "ಇಲ್ಲೇ ಕರೆಯಿರಿ" ಅಂದರು.

ಕರೆದರು. ವಾಶಿಯಿಂದ ಬಾಳೆಎಲೆ ಬಂತು. ಅವರಿಗೆ ಇಷ್ಟವಾದ ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ, ಜತೆಗೆ ಹೋಟೆಲಿನ ಅಭ್ಯಾಸದ ಒಂದು ಅರ್ಧ ಲೋಟ ಚಹ. ಅಂಗಳ ಇಲ್ಲ, ಹೊಸ್ತಿಲ ಆಚೆ ಲಿಫ್ಟು. ಮಗ ಬಾಗಿಲಲ್ಲಿ ನಿಂತು, ಅರ್ಧಂಬರ್ಧ ತುಳುವಿನಲ್ಲೇ ಅಪ್ಪನನ್ನು ಒಳಗೆ ಕರೆದ. ಎದುರು ಮನೆಯ ಆಗ್ರಿ ಅಜ್ಜಿ, ತನ್ನ ಗದ್ದೆಗೆ ಸಿಕ್ಕಿದ ಪಾಲಿನಲ್ಲಿ ಈ ಕಟ್ಟಡದಲ್ಲೇ ಮನೆ ಪಡೆದವಳು, ಏನು ನಡೆಯುತ್ತಿದೆ ಅಂತ ಕೇಳಿ ತಿಳಿದು, ತನ್ನ ಬಾಗಿಲನ್ನೂ ತೆರೆದಿಟ್ಟು ತಲೆಗೆ ಸೆರಗು ಹೊದ್ದು ನಿಂತಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಅಣ್ಣ ಮರುದಿನ ಮತ್ಸ್ಯಗಂಧಾ ರೈಲಿಗೆ ಹೋದರು. ಒಂದು ತಿಂಗಳ ಮೇಲೆ ಗೊತ್ತಾಯಿತು, ಅವರು ಊರಿಗೆ ಹೋಗಿ ಅಲ್ಲಿಯೂ ಎಲೆ ಹಾಕಿ ಕರೆದರಂತೆ, ಹಳೇ ಬಾಗಿಲು ಇದ್ದ ಮೂಡಣ ಗೋಡೆಯ ಹತ್ತಿರ ನಿಂತು. ಒಬ್ಬನನ್ನೇ ಎರಡು ಕಡೆ ಕರೆದರೆ ಹೇಗೆ ಅಂತ ಸಂಬಂಧಿಕರಲ್ಲಿ ಗುಸುಗುಸು ಎದ್ದಿತ್ತು. ಲಿಫ್ಟಿನಲ್ಲಿ ಸಿಕ್ಕಿದಾಗ ಆಕೆಗೆ ನಾನು ಲಾವೋಸಿನ ಲೆಕ್ಕ ಹೇಳಿದೆ, ಮನುಷ್ಯನಿಗೆ 32 ಉಂಟಂತೆ ಅಕ್ಕ, ಅಂತ. ಆಕೆ ಸ್ವಲ್ಪ ಯೋಚಿಸಿ, "ಹಾಗಾದರೆ ಆ ಕಡೆಗೂ ಒಂದಷ್ಟು ಹೋಗಿರಬಹುದು" ಎಂದು, ತರಕಾರಿ ಚೀಲ ಎತ್ತಿಕೊಂಡು ನಾಲ್ಕನೇ ಮಹಡಿಯಲ್ಲಿ ಇಳಿದರು.